ಫಾರ್ಮಸಿಯೋ ಕಾನೂನೋ: ಹತ್ತನೆಯ ತರಗತಿಯಲ್ಲಿ ಬಂದ ಒಂದು ಪ್ರಶ್ನೆ

ಕಳೆದ ಸಾಲಿನ ಇಂಟರ್ನ್‌ಶಿಪ್ ಅವಧಿಯಲ್ಲಿ ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಪಾಠ ವೀಕ್ಷಣೆಗೆಂದು ಹೋಗಿದ್ದೆ. ಹತ್ತನೆಯ ತರಗತಿ, ವಿಜ್ಞಾನ, ಘಟಕ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’. ನಮ್ಮ ಪ್ರಶಿಕ್ಷಣಾರ್ಥಿ ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಬಾಟಲಿಯೊಂದನ್ನು ತೋರಿಸಿ, ಅದರಲ್ಲಿರುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಜಠರದ ಆಮ್ಲವನ್ನು ಹೇಗೆ ತಟಸ್ಥಗೊಳಿಸುತ್ತದೆ ಎಂದು ಚೆನ್ನಾಗಿಯೇ ವಿವರಿಸಿದರು. ಪಾಠದ ಕೊನೆಗೆ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ನಾನು ಮುಂದಕ್ಕೆ ಫಾರ್ಮಸಿ ಮಾಡ್ಲಾ, ಲಾ ಮಾಡ್ಲಾ?” ಎಂದಳು. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿಯೂ ನಕ್ಕು, “ನೀನು ಚೆನ್ನಾಗಿ ಮಾತಾಡ್ತೀಯಲ್ಲ, ಲಾ ಮಾಡು” ಎಂದರು. ಗಂಟೆ ಹೊಡೆಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಗಳ ಪ್ರಶ್ನೆಗೆ ಸೂಕ್ತ ಪ್ರೋತ್ಸಾಹ’ ಎಂದು ಬರೆದೆ.

ಬಸ್ಸಿನಲ್ಲಿ ಹಿಂದಿರುಗುವಾಗ ಆ ಸಾಲು ನನ್ನನ್ನು ಕಾಡತೊಡಗಿತು. ಹೆಚ್ಚುಕಡಿಮೆ ಇದೇ ಉತ್ತರವನ್ನು ನಾನೂ ಹಿಂದೆ ಕೊಟ್ಟಿದ್ದೆ.

ಆಗ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಎಸ್ಸೆಸ್ಸೆಲ್ಸಿ ಮುಗಿಸಿದ ಒಬ್ಬ ಹುಡುಗ ಬಂದು, ತನಗೆ ವಕೀಲನಾಗುವ ಆಸೆಯಿದೆ, ಪಿಯುಸಿಯಲ್ಲಿ ಏನು ತೆಗೆದುಕೊಳ್ಳಲಿ ಎಂದು ಕೇಳಿದ. “ಲಾಯರ್ ಆಗೋಕೆ ಸೈನ್ಸ್ ಯಾತಕ್ಕೆ? ಆರ್ಟ್ಸ್ ತಗೋ, ಹಗುರಾಗತ್ತೆ” ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾನೂನು ಪದವಿಗೆ ಪಿಯುಸಿಯ ಯಾವ ವಿಭಾಗವಾದರೂ ಆಗುತ್ತದೆ. ಆದರೆ ಪಿಯುಸಿ ಮುಗಿಯುವ ಹೊತ್ತಿಗೆ ಅವನ ತಂದೆ ಹಾಸಿಗೆ ಹಿಡಿದರು. ಐದು ವರ್ಷ ಓದುವ ಸ್ಥಿತಿ ಮನೆಯಲ್ಲಿರಲಿಲ್ಲ. ಪರಿಚಯದ ಮೆಡಿಕಲ್ ಶಾಪಿನವರು, ಎರಡು ವರ್ಷದ ಡಿ.ಫಾರ್ಮ ಮಾಡಿಕೊಂಡು ಬಾ, ಕೆಲಸ ಕೊಡುತ್ತೇನೆ ಎಂದರು. ಡಿ.ಫಾರ್ಮಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಇರಲೇಬೇಕು, ಜೊತೆಗೆ ಜೀವಶಾಸ್ತ್ರವೋ ಗಣಿತವೋ ಬೇಕು. ಅವನು ಓದಿದ್ದು ಇತಿಹಾಸ, ಅರ್ಥಶಾಸ್ತ್ರ. ಮತ್ತೆ ಎರಡು ವರ್ಷ ಪಿಯುಸಿ ಓದುವ ಶಕ್ತಿ ಇಲ್ಲದೆ ಅದೇ ಅಂಗಡಿಯಲ್ಲಿ ಸಹಾಯಕನಾಗಿ ಸೇರಿದ. ಇಂದಿಗೂ ಅಲ್ಲೇ ಇದ್ದಾನೆ. ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ 1948ರ ಫಾರ್ಮಸಿ ಕಾಯ್ದೆಯ 42ನೆಯ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಗೆ ಔಷಧ ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಬೇರೆಯವರದು. ನಾನು ಅಲ್ಲಿಗೆ ಹೋದರೆ “ಬನ್ನಿ ಸಾರ್” ಎಂದು ಸ್ಟೂಲು ಹಾಕುತ್ತಾನೆ. ಅವನು ನನ್ನನ್ನು ದೂರಿಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಮರುವಾರ ಆ ಪ್ರಶಿಕ್ಷಣಾರ್ಥಿಯನ್ನು ಕರೆದು ವೀಕ್ಷಣಾ ಪುಸ್ತಕದ ಆ ಸಾಲನ್ನು ಅವರೆದುರೇ ಹೊಡೆದುಹಾಕಿದೆ. ಆ ಹುಡುಗಿಯ ಪ್ರಶ್ನೆಗೆ ಒಂದು ಪೂರ್ತಿ ಅವಧಿಯ ಪಾಠಯೋಜನೆ ಮಾಡೋಣ ಎಂದೆ. ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಪತ್ರಿಕೆಗೆ ಅವರು ಉತ್ತರ ಬರೆದಿದ್ದರು, ಅಂಕವೂ ಬಂದಿತ್ತು. ನಿಜವಾದ ಮಗುವೊಂದು ಎದ್ದು ನಿಂತು ಕೇಳಿದ್ದು ಇದೇ ಮೊದಲು. ಮುಂದೆ ಬರೆದಿರುವುದು ಆ ಪಾಠಕ್ಕಾಗಿ ನಾವಿಬ್ಬರೂ ಕಲೆಹಾಕಿದ ವಿಷಯ ಮತ್ತು ತರಗತಿಯಲ್ಲಿ ನಡೆದದ್ದು.

ಮೊದಲು ನಾವು ಸರಿಪಡಿಸಿಕೊಂಡದ್ದು ಪ್ರಶ್ನೆಯನ್ನೇ. ಹದಿನೈದರ ಮಗು ‘ಫಾರ್ಮಸಿಯೋ ಲಾನೋ’ ಎಂದು ಕೇಳಿದಾಗ ಅದು ಆ ವರ್ಷವೇ ತೀರ್ಮಾನವಾಗಬೇಕಾದ ವಿಷಯ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಆ ವರ್ಷ ತೀರ್ಮಾನವಾಗುವುದು ಪಿಯುಸಿ ಅರ್ಜಿಯ ಒಂದು ಕಾಲಂ ಮಾತ್ರ: ವಿಜ್ಞಾನ, ವಾಣಿಜ್ಯ ಅಥವಾ ಕಲಾ. ವಿಜ್ಞಾನ ತೆಗೆದುಕೊಂಡರೆ ಎರಡು ದಾರಿಗಳೂ ತೆರೆದಿರುತ್ತವೆ. ಪಿಸಿಎಂಬಿ ಆದರೂ ಸರಿ, ಪಿಸಿಎಂಸಿ ಆದರೂ ಸರಿ, ಏಕೆಂದರೆ ಫಾರ್ಮಸಿಗೆ ಜೀವಶಾಸ್ತ್ರ ಇಲ್ಲವೇ ಗಣಿತ ಯಾವುದಾದರೊಂದು ಸಾಕು. ಕಲಾ ಅಥವಾ ವಾಣಿಜ್ಯ ತೆಗೆದುಕೊಂಡರೆ ಕಾನೂನಿನ ದಾರಿ ಉಳಿಯುತ್ತದೆ, ಫಾರ್ಮಸಿಯದು ಮುಚ್ಚುತ್ತದೆ. ಹಾಗೆಂದು ಎಲ್ಲರನ್ನೂ ವಿಜ್ಞಾನಕ್ಕೆ ತಳ್ಳಬೇಕೆಂದು ನಾನು ಹೇಳುತ್ತಿಲ್ಲ. ಪಿಯುಸಿ ವಿಜ್ಞಾನದಲ್ಲಿ ಫೇಲಾಗಿ ಮನೆಯಲ್ಲಿ ಕುಳಿತ ಮಕ್ಕಳನ್ನೂ ಕಂಡಿದ್ದೇನೆ. ಅವರಿಗೆ ಎರಡೂ ದಾರಿ ಮುಚ್ಚಿದವು. ಗಣಿತದಲ್ಲಿ ಮೂವತ್ತೈದರ ಆಸುಪಾಸು ತೆಗೆಯುವ ಮಗುವಿಗೆ ‘ಎರಡೂ ತೆರೆದಿರಲಿ’ ಎನ್ನುವುದು ಒಳ್ಳೆಯ ಸಲಹೆಯಲ್ಲ. ಆದರೆ ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದು ಮಗುವಿಗೂ ಮನೆಯವರಿಗೂ ಅರ್ಜಿ ತುಂಬುವ ಮೊದಲೇ ಗೊತ್ತಿರಬೇಕು. ನಾನು ಆ ಹುಡುಗನಿಗೆ ಹೇಳದೆ ಬಿಟ್ಟದ್ದು ಇಷ್ಟೇ.

ಫಾರ್ಮಸಿಯಲ್ಲಿ ಪಿಯುಸಿ ನಂತರ ಮೂರು ಬಗೆಯ ಓದಿದೆ. ಡಿ.ಫಾರ್ಮ ಎರಡು ವರ್ಷ, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಬಿ.ಫಾರ್ಮ ನಾಲ್ಕು ವರ್ಷ. ಇದಕ್ಕೆ ನಮ್ಮಲ್ಲಿ ಸಿಇಟಿ ಬರೆಯಬೇಕು. ಫಾರ್ಮ.ಡಿ ಆರು ವರ್ಷ, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಡಿ.ಫಾರ್ಮ ಮುಗಿಸಿದವರು ಬಿ.ಫಾರ್ಮದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದನ್ನು ಬಡ ಮನೆಯ ಮಕ್ಕಳಿಗೆ ಒತ್ತಿ ಹೇಳಬೇಕು, ಏಕೆಂದರೆ ಅವರು ನಡುವೆ ದುಡಿದು ಮತ್ತೆ ಓದಿಗೆ ಮರಳಬಹುದು. ಓದು ಮುಗಿದ ಮೇಲೆ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಡಿ.ಫಾರ್ಮದವರಿಗೆ ನೋಂದಣಿಗೆ ಮುಂಚೆ ನಿರ್ಗಮನ ಪರೀಕ್ಷೆ ಬೇಕೆಂದು ಭಾರತೀಯ ಫಾರ್ಮಸಿ ಪರಿಷತ್ತು 2022ರಲ್ಲಿ ನಿಯಮಾವಳಿ ಹೊರಡಿಸಿದೆ. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳುವುದು ಲೇಸು. ಮಾನ್ಯತೆ ಇಲ್ಲದ ಕಡೆ ಓದಿದರೆ ನೋಂದಣಿ ಸಿಗುವುದಿಲ್ಲ.

ಕಾನೂನಿಗೆ ಎರಡು ದಾರಿ. ಪಿಯುಸಿ ಆದ ಮೇಲೆ ಐದು ವರ್ಷದ ಸಂಯೋಜಿತ ಪದವಿ, ಉದಾಹರಣೆಗೆ ಬಿ.ಎ. ಎಲ್‌ಎಲ್.ಬಿ. ಇದಕ್ಕೆ ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು. ಇನ್ನೊಂದು, ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್‌ಎಲ್.ಬಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಸೇರಲು ಬೇರೆ ಪ್ರವೇಶ ಪರೀಕ್ಷೆಯಿದೆ. ನಮ್ಮ ಬಹುತೇಕ ಮಕ್ಕಳು ಸೇರುವುದು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿಗೆ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ನೋಂದಣಿ ಶುಲ್ಕವೆಂದು ಹಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ಕೀಳುತ್ತಿದ್ದುದಕ್ಕೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ವಕೀಲರ ಕಾಯ್ದೆಯಲ್ಲಿರುವಂತೆ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ಬಡ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಈ ಎರಡನೆಯ ದಾರಿಯಿಂದಾಗಿ ನಮ್ಮ ಹುಡುಗಿಯ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಬಿ.ಫಾರ್ಮ ಓದಿದವರು ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರಬಹುದು. ಬಿ.ಎ. ಎಲ್‌ಎಲ್.ಬಿ. ಓದಿದವರು ಫಾರ್ಮಸಿಗೆ ಬರಬೇಕೆಂದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಓದಿದ್ದರೂ ಮೊದಲಿನಿಂದ ಶುರುಮಾಡಬೇಕು. ಪಿಯುಸಿ ನಂತರ ಲೆಕ್ಕ ಹಾಕಿದರೆ ನೇರ ಕಾನೂನಿಗೆ ಐದು ವರ್ಷ, ಫಾರ್ಮಸಿಯ ಮೂಲಕ ಕಾನೂನಿಗೆ ಏಳು ವರ್ಷ. ಎರಡು ವರ್ಷ ಹೆಚ್ಚು, ಆದರೆ ನಾಲ್ಕನೆಯ ವರ್ಷದ ಕೊನೆಗೆ ಕೈಯಲ್ಲಿ ಒಂದು ಉದ್ಯೋಗ ಇರುತ್ತದೆ. ಡಿ.ಫಾರ್ಮ ಪದವಿಯಲ್ಲ, ಡಿಪ್ಲೊಮಾ. ಅದರ ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡಲಾಗದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಎರಡೂ ಸೇರುವ ಕೆಲಸಗಳು ಇವೆಯೇ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಇವೆ, ಅದೂ ತಾಲ್ಲೂಕು ಮಟ್ಟದಲ್ಲೇ ಕಣ್ಣಿಗೆ ಬೀಳುವಂಥವು. ಔಷಧ ನಿಯಂತ್ರಣ ಇಲಾಖೆಯ ಡ್ರಗ್ ಇನ್‌ಸ್ಪೆಕ್ಟರ್ ಹುದ್ದೆಗೆ ಎಲ್ಲಕ್ಕಿಂತ ನೇರವಾದ ಅರ್ಹತೆ ಫಾರ್ಮಸಿ ಪದವಿ. ಆದರೆ ಆ ಅಧಿಕಾರಿ ಮಾಡುವ ಕೆಲಸದಲ್ಲಿ ಅರ್ಧಕ್ಕರ್ಧ ಕಾನೂನೇ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಂತೆ ಅಂಗಡಿಯಲ್ಲಿ ಮಾದರಿ ತೆಗೆದುಕೊಂಡಾಗ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು: ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ಆ ಸರಕು ಎಲ್ಲಿಂದ ಬಂತೆಂದು ಅಂಗಡಿಯವರು ಹೇಳಿದರೋ ಅವರಿಗೆ. ಮೊಹರಿನಲ್ಲಿ, ದಿನಾಂಕದಲ್ಲಿ ಒಂದು ತಪ್ಪಾದರೆ ಔಷಧ ಕಳಪೆಯೆಂದು ಪ್ರಯೋಗಾಲಯ ಹೇಳಿದರೂ ಮೊಕದ್ದಮೆ ಸಡಿಲಾಗಬಹುದು. ಇನ್ನು ಪೇಟೆಂಟ್ ಕ್ಷೇತ್ರ. ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್ ಎಂಬ ಔಷಧದ ಪೇಟೆಂಟ್ ಕೋರಿ ನೊವಾರ್ಟಿಸ್ ಕಂಪನಿ ಹೂಡಿದ್ದ ಪ್ರಕರಣವನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಗೊತ್ತಿದ್ದ ವಸ್ತುವಿನ ಹೊಸ ಹರಳಿನ ರೂಪಕ್ಕೆ ಪೇಟೆಂಟ್ ಸಿಗಬೇಕೇ ಎಂಬುದು ಅಲ್ಲಿನ ಪ್ರಶ್ನೆ. ರಸಾಯನಶಾಸ್ತ್ರ ತಿಳಿಯದೆ ಆ ವಾದವೂ ತಿಳಿಯದು. ಆದರೆ ಎಚ್ಚರ: ಸನ್ನದು ಪಡೆದು ವಕೀಲಿಕೆ ಮಾಡುವವರು ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವಂತಿಲ್ಲ, ಸ್ವತಃ ವ್ಯಾಪಾರ ನಡೆಸುವಂತಿಲ್ಲ. ‘ಬೆಳಗ್ಗೆ ಕೋರ್ಟು, ಸಂಜೆ ಮೆಡಿಕಲ್ ಶಾಪು’ ನಡೆಯುವುದಿಲ್ಲ.

ಈಗ ಪ್ರಶಿಕ್ಷಣಾರ್ಥಿಯ ‘ಚೆನ್ನಾಗಿ ಮಾತಾಡ್ತೀಯಲ್ಲ’ ಎಂಬ ಮಾತಿಗೆ ಬರುತ್ತೇನೆ. ವಕೀಲರೆಂದರೆ ಮಾತು ಎಂಬುದು ಸಿನಿಮಾ ಕಲಿಸಿದ್ದು. ತಾಲ್ಲೂಕು ನ್ಯಾಯಾಲಯದಲ್ಲಿ ಹೊಸ ವಕೀಲರು ಮೊದಲ ಕೆಲವು ವರ್ಷ ಹಿರಿಯರ ಕಚೇರಿಯಲ್ಲಿ ಕಡತ ಜೋಡಿಸುತ್ತಾರೆ, ವಾಯಿದೆಯ ದಿನಾಂಕ ಬರೆದುಕೊಳ್ಳುತ್ತಾರೆ, ದಾವಾ ಅರ್ಜಿಯ ಕರಡು ಮಾಡುತ್ತಾರೆ, ಪಹಣಿ, ಕ್ರಯಪತ್ರ, ವಂಶವೃಕ್ಷಗಳನ್ನು ಸಾಲುಸಾಲಾಗಿ ಓದುತ್ತಾರೆ. ಕೈಗೆ ಬರುವ ಹಣವೂ ಆಗ ಕಡಿಮೆ. ಓದಿ ಬರೆಯುವ ತಾಳ್ಮೆ ಇಲ್ಲದವರಿಗೆ ಅದು ಕಷ್ಟದ ಕಾಲ. ಇಡೀ ದಿನ ಮಾತನಾಡಬೇಕಾದವರು ಯಾರೆಂದರೆ ಔಷಧ ಅಂಗಡಿಯ ಫಾರ್ಮಸಿಸ್ಟ್! ಓದು ಬಾರದ ಅಜ್ಜಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳಬೇಕು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳುವ ಪರಿಚಯದವರಿಗೆ ಇಲ್ಲವೆನ್ನಬೇಕು. ನಾವು ಗುಣವನ್ನೂ ವೃತ್ತಿಯನ್ನೂ ತಿರುವುಮುರುವಾಗಿ ಜೋಡಿಸಿದ್ದೆವು.

ಭಾಷೆಯ ವಿಷಯವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಫಾರ್ಮಸಿ ಪೂರ್ತಿ ಇಂಗ್ಲಿಷಿನ ಓದು. ಮೊದಲ ವರ್ಷ ಶರೀರರಚನೆಯ ಪದಗಳೇ ಒಂದು ಬೆಟ್ಟ. ಕಾನೂನಿನ ಪುಸ್ತಕಗಳೂ ಹೆಚ್ಚಿನವು ಇಂಗ್ಲಿಷಿನವೇ, ಆದರೆ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಕೆಳ ನ್ಯಾಯಾಲಯಗಳ ವ್ಯವಹಾರದಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷ್. ಇದನ್ನು ಹೆದರಿಸಲು ಹೇಳುವುದಲ್ಲ. ಪಿಯುಸಿಯ ಎರಡು ವರ್ಷದಲ್ಲಿ ಯಾವುದಕ್ಕೆ ತಯಾರಾಗಬೇಕೆಂದು ಮಗುವಿಗೆ ಗೊತ್ತಾಗಲಿ ಎಂದು.

ಪಾಠಕ್ಕೆ ಮುಖ್ಯೋಪಾಧ್ಯಾಯರು ಶನಿವಾರದ ಒಂದು ಅವಧಿ ಕೊಟ್ಟರು, ನಲವತ್ತು ನಿಮಿಷ. ಬೋಧನೋಪಕರಣಗಳು ಎರಡೇ: ಖಾಲಿ ಔಷಧ ಪೆಟ್ಟಿಗೆಗಳು ಮತ್ತು ಒಂದು ಪುಟದ ಕಟ್ಟುಕತೆ. ಮಾತ್ರೆ, ಸಿರಪ್ ಯಾವುದನ್ನೂ ತರಗತಿಗೆ ತರಬೇಡಿ, ಪೆಟ್ಟಿಗೆ ಸಾಕು. ಆಂಟಾಸಿಡ್ ಪೆಟ್ಟಿಗೆಯನ್ನೂ ಆಂಟಿಬಯಾಟಿಕ್ ಪೆಟ್ಟಿಗೆಯನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಲು ಹೇಳಿದರು. ಎರಡನೆಯದರ ಮೇಲೆ ‘ಆರ್ ಎಕ್ಸ್’ ಗುರುತು, ಕೆಂಪು ಗೆರೆ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆ ಇರುವುದನ್ನು ಮಕ್ಕಳೇ ಕಂಡರು. ಔಷಧದ ಪೆಟ್ಟಿಗೆಯ ಮೇಲೆ ಕಾನೂನು ಯಾಕೆ ಬರೆದಿದ್ದಾರೆ ಎಂದು ಒಬ್ಬ ಕೇಳಿದ. 2014ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಔಷಧಗಳನ್ನು ಮಾರುವಾಗ ರೋಗಿ, ವೈದ್ಯರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದು ವಿವರಿಸಲು ಆ ಪ್ರಶ್ನೆಯೇ ದಾರಿಯಾಯಿತು.

ಆಮೇಲೆ ಒಂದು ಲೆಕ್ಕ: 5 ಮಿ.ಲೀ.ಗೆ 250 ಮಿ.ಗ್ರಾಂ ಔಷಧವಿರುವ ಸಿರಪ್, ಮಗುವಿಗೆ 125 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ ಐದು ದಿನ, ಬಾಟಲಿ 30 ಮಿ.ಲೀ.ನದು. ಒಂದು ಬಾಟಲಿ ಸಾಕೇ? ಒಟ್ಟು 37.5 ಮಿ.ಲೀ. ಬೇಕು, ಸಾಲದು. ಅರ್ಧ ತರಗತಿ ‘ಸಾಕು’ ಎಂದಿತ್ತು. ಎರಡನೆಯ ಬಾಟಲಿ ತರಬೇಕೆಂದು ಅಂಗಡಿಯಲ್ಲಿ ಹೇಳದಿದ್ದರೆ ಏನಾಗುತ್ತದೆ ಎಂದು ಕೇಳಿದಾಗ, “ನಾಲ್ಕನೇ ದಿನಕ್ಕೆ ನಿಲ್ಲಿಸಿಬಿಡ್ತಾರೆ ಮಿಸ್” ಎಂಬ ಉತ್ತರ ಬಂತು. ಅಲ್ಲಿಗೆ ಫಾರ್ಮಸಿಸ್ಟರ ಕೆಲಸ ಏನೆಂದು ಬೇರೆ ವಿವರಿಸಬೇಕಾಗಲಿಲ್ಲ.

ಕತೆಯ ಪುಟದಲ್ಲಿ ಒಂದು ತೆಂಗಿನ ತೋಟ, ಇಬ್ಬರು ಗಂಡುಮಕ್ಕಳು, ಒಬ್ಬಳು ಮದುವೆಯಾದ ಮಗಳು. ಯಾರು ಏನು ಕೇಳುತ್ತಾರೆ, ಅದನ್ನು ಸಾಬೀತುಮಾಡಲು ಯಾವ ಕಾಗದ ಬೇಕು ಎಂದು ಹತ್ತು ನಿಮಿಷದಲ್ಲಿ ಬರೆಯಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ ಎಂದು ಪ್ರಶಿಕ್ಷಣಾರ್ಥಿ ಹೇಳಿದಾಗ ಹುಡುಗಿಯರ ಸಾಲಿನಲ್ಲಿ ಗುಸುಗುಸು ಎದ್ದಿತು. “ಮದ್ವೆ ಆದ್ರೂನಾ ಮಿಸ್?” ಆ ಪ್ರಶ್ನೆಗೇ ಐದು ನಿಮಿಷ ಹೋಯಿತು, ಹೋಗಲೆಂದು ಬಿಟ್ಟೆವು. ಎಲ್ಲಕ್ಕಿಂತ ಚೊಕ್ಕವಾಗಿ ಬರೆದವನು ಆ ವರ್ಷವಿಡೀ ತರಗತಿಯಲ್ಲಿ ಬಾಯಿ ತೆರೆಯದ ಹುಡುಗ. ಮೊದಲು ಪಹಣಿ ಯಾರ ಹೆಸರಿನಲ್ಲಿದೆ ನೋಡಬೇಕು ಎಂದೇ ಅವನು ಶುರುಮಾಡಿದ್ದ.

ನಮ್ಮ ಹುಡುಗಿ ಎರಡನ್ನೂ ಮಧ್ಯಮವಾಗಿ ಮಾಡಿದಳು. ಅವಳ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿದದ್ದು ಪೋಷಕರ ಸಭೆಯ ದಿನ. ಸೋದರಮಾವ ಮೆಡಿಕಲ್ ಶಾಪಿನಲ್ಲಿದ್ದಾರೆ, ಅದು ಫಾರ್ಮಸಿ. ತಂದೆ ಹೇಳಿದರು: “ಮೇಷ್ಟ್ರೇ, ನಮ್ದು ಜಮೀನಿನ ಕೇಸು ಹನ್ನೊಂದು ವರ್ಷದಿಂದ ನಡೀತೈತೆ. ಮನೇಲಿ ಒಬ್ರು ಲಾಯರ್ ಆದ್ರೆ ಸಾಕು ಅನ್ಸೈತೆ.” ಅದು ಲಾ. ಅವಳು ವಕೀಲೆಯಾಗಲು ಇನ್ನೂ ಏಳು ವರ್ಷವಾದರೂ ಬೇಕು, ಈ ಕೇಸಿನ ಭಾರವನ್ನು ಈಗಲೇ ಮಗುವಿನ ತಲೆಗೆ ಕಟ್ಟಬೇಡಿ ಎಂದೆ. ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ, ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ನಿಮ್ಮ ತಾಯಿಯೂ ಪ್ರಕರಣದಲ್ಲಿದ್ದಾರಲ್ಲ, ಹೋಗಿ ವಿಚಾರಿಸಿ ಎಂದೆ. ಅದು ಅವರಿಗೆ ಗೊತ್ತಿರಲಿಲ್ಲ. ಪಿಯುಸಿ ಬಗ್ಗೆ ಕೇಳಿದರೆ, ಹೋಬಳಿಯ ಕಾಲೇಜಿನಲ್ಲಿ ಕಲಾ ಮತ್ತು ವಾಣಿಜ್ಯ ಮಾತ್ರ ಇದೆ, ವಿಜ್ಞಾನಕ್ಕೆ ತಿಪಟೂರಿಗೆ ಹೋಗಬೇಕು, ಹೆಣ್ಣುಮಗು ಬಸ್ಸಿನಲ್ಲಿ ಓಡಾಡುವುದು ಹೇಗೆ ಎಂದರು. ಹಾಗಾದರೆ ಇಷ್ಟು ದಿನ ನಾವು ಚರ್ಚಿಸಿದ ಆಯ್ಕೆಯನ್ನು ಸಂಜೆಯ ಒಂದು ಬಸ್ಸು ತೀರ್ಮಾನಿಸಲಿತ್ತು.

ಎರಡನೆಯ ವಿಭಾಗಕ್ಕೆ ಇದೇ ಪಾಠ ಮಾಡುವಾಗ ಪ್ರಶಿಕ್ಷಣಾರ್ಥಿ ಒಂದು ಬದಲಾವಣೆ ಮಾಡಿಕೊಂಡರು. ಕಪ್ಪುಹಲಗೆಯ ಎಡಬದಿಗೆ ಬಾಗಿಲುಗಳ ಸಾಲು, ಬಲಬದಿಗೆ ಸುತ್ತಲಿನ ನಾಲ್ಕು ಪಿಯು ಕಾಲೇಜುಗಳ ಹೆಸರು, ಅಲ್ಲಿರುವ ವಿಭಾಗ, ಹೋಗಿಬರುವ ಬಸ್ಸಿನ ವೇಳೆ. ಮಕ್ಕಳು ಹೆಚ್ಚು ಹೊತ್ತು ಬರೆದುಕೊಂಡದ್ದು ಬಲಬದಿಯನ್ನೇ. ಹುಡುಗಿಯ ತಂದೆ ಇನ್ನೂ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಅದೇ ಊರಿನ ಇನ್ನಿಬ್ಬರು ಹುಡುಗಿಯರು ಜೊತೆಯಾದರೆ ನೋಡೋಣ ಎಂದಿದ್ದಾರಂತೆ. ಆ ಇಬ್ಬರ ಮನೆಗೆ ಮುಖ್ಯೋಪಾಧ್ಯಾಯರೂ ಪ್ರಶಿಕ್ಷಣಾರ್ಥಿಯೂ ಬರುವ ಭಾನುವಾರ ಹೋಗಲಿದ್ದಾರೆ.